ಎರಡನೇ ಬಾಟಲಿಯ ನೀರು

"ಸುಳ್ಳು ರಿಪೋರ್ಟ್ ಬರೆದೆ ಅಂತ ನನ್ನನ್ನ ಕೆಲಸದಿಂದ ತೆಗೀತಾರಂತೆ, ಮೇಡಂ," ಎಂದಳು ನಾಹಿದ್, ಬಾಗಿಲಲ್ಲೇ ನಿಂತು. ಚಿಕ್ಕಬಳ್ಳಾಪುರದ ನೀರುಪರೀಕ್ಷೆ ಲ್ಯಾಬೊಂದರ ಕೆಮಿಸ್ಟ್ ಅವಳು. ಗೌರಿಬಿದನೂರಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಶ್ಯಾಮಲಮ್ಮನವರ ಬಳಿ ಇಂಥ ಒಗಟುಗಳು ಆಗಾಗ ಬರುತ್ತಿದ್ದವು. ಅವರ ಕಾಲೇಜು ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ದಸ್ತಗಿರ್ ನಾನು; ಈಗಲೂ ಅವರ ಜೊತೆಗಾರ.

ಕುಡುಮಲಕುಂಟೆ ಕಾರ್ಖಾನೆಗಳ ಕಾರ್ಮಿಕರಿರುವ ಹೊನ್ನಕಟ್ಟೆ ಬಡಾವಣೆಯ ಒಂದೇ ನಲ್ಲಿಯಿಂದ ಶನಿವಾರ ನಾಹಿದ್ ಎರಡು ಬಾಟಲಿ ನೀರು ಹಿಡಿದಿದ್ದಳು. ಎರಡಕ್ಕೂ ಕ್ಲೋರಿನ್ ಅಡಗಿಸಲು ವಿಟಮಿನ್ ಸಿ ಪುಡಿ ಹಾಕಿದ್ದಳು. ಒಂದನ್ನು ಪರೀಕ್ಷಿಸಿ ಸೋಮವಾರ ವರದಿ ಕೊಟ್ಟಳು: ಲೀಟರಿಗೆ ಕ್ಲೋರೋಫಾರಂ ತೊಂಬತ್ತೆರಡು ಮೈಕ್ರೋಗ್ರಾಂ, ನೈಟ್ರೈಲ್ ಹದಿನೆಂಟು. ಎರಡೂ ಕ್ಲೋರಿನ್ ಕೊಳೆಯೊಂದಿಗೆ ಬೆರೆತಾಗ ಹುಟ್ಟುವ ವಿಷಗಳು. ಬಡಾವಣೆಗೆ ನೀರು ಬಿಡುವ ಸಂಘದ ಫ್ರಿಜ್ಜಿನಲ್ಲಿ ಸಾಕ್ಷಿಗೆಂದು ಇಟ್ಟಿದ್ದ ಇನ್ನೊಂದು ಬಾಟಲಿ ಬುಧವಾರ ಬೇರೆ ಲ್ಯಾಬಿಗೆ ಹೋಯಿತು. ಗುರುವಾರ ಫಲಿತಾಂಶ: ಕ್ಲೋರೋಫಾರಂ ತೊಂಬತ್ತೈದು, ನೈಟ್ರೈಲ್ ಸೊನ್ನೆ.

"ಫ್ರಿಜ್ಜಿನ ಕೀ ಯಾರ ಹತ್ರಾಮ್ಮ?" ಎಂದರು ಶ್ಯಾಮಲಮ್ಮ.

"ಮ್ಯಾನೇಜರ್ ಚಿರಂಜೀವಿ, ಪಂಪ್ ನೋಡ್ಕೊಳೋ ಗಂಗುಲಪ್ಪ, ಇಬ್ರ ಹತ್ರಾನೂ ಇದೆ."

ಚಿರಂಜೀವಿ ಅವಳ ಲ್ಯಾಬಿಗೆ ಬರೆದ ಪತ್ರವನ್ನೂ ತೋರಿಸಿದಳು. ಮಂಗಳವಾರದ್ದು. "ನೈಟ್ರೈಲ್ ಅಂಕಿ ಕಟ್ಟುಕತೆ. ಎರಡನೇ ಬಾಟಲಿ ಪರೀಕ್ಷಿಸಿ."

ಆ ಬಾಟಲಿಯಲ್ಲಿ ಉಳಿದ ನೀರಿಗಾಗಿ ನಾವು ಆ ಬೇರೆ ಲ್ಯಾಬಿಗೆ ಮೂರು ಸಲ ಅಲೆದೆವು. ಪತ್ರ ತನ್ನಿ, ಸೀಲು ಹಾಕಿಸಿ, ಸಾಹೇಬ್ರು ಊಟಕ್ಕೆ ಹೋಗಿದ್ದಾರೆ. ನನಗೆ ತಲೆ ಚಿಟ್ಟುಹಿಡಿಯಿತು. ಕೊನೆಗೂ ಸಿಕ್ಕ ನೀರಿಗೆ ಲಿಟ್ಮಸ್ ಅದ್ದಿದೆ. ಕೆಂಪು ಕಾಗದ ನೀಲಿಯಾಯಿತು. ನಾಹಿದಳ ಬಾಟಲಿಯಲ್ಲಿ ಕೆಂಪಾಗಿಯೇ ಉಳಿಯಿತು.

ಮರುದಿನ ಸಂಘದ ಕಚೇರಿಯಲ್ಲಿ ಅಧ್ಯಕ್ಷ ಚೆನ್ನರಾಯಪ್ಪ ಎಲ್ಲರನ್ನೂ ಸೇರಿಸಿದರು.

"ಎರಡನೇ ಬಾಟಲಿಗೆ ಯಾರೋ ಬಟ್ಟೆ ಒಗೆಯೋ ಸೋಡಾದಂಥ ಕ್ಷಾರ ಹಾಕಿದ್ದಾರೆ," ಎಂದರು ಶ್ಯಾಮಲಮ್ಮ. "ಕ್ಷಾರ ಬಿದ್ರೆ ನೈಟ್ರೈಲ್ ಒಡೆದುಹೋಗತ್ತೆ. ಕ್ಲೋರೋಫಾರಂ ಗಟ್ಟಿ, ಉಳಿಯತ್ತೆ. ಜೊತೆಗಿರೋ ಬೇರೆ ಅಂಶ ಒಡೆದು ಒಂಚೂರು ಜಾಸ್ತೀನೂ ಆಗಬಹುದು. ಇಲ್ಲೂ ಹಂಗೇ ಆಗಿದೆ."

"ಗಂಗುಲಪ್ಪಾನೇ ಹಾಕಿರ್ಬೇಕು!" ಎಂದ ಚಿರಂಜೀವಿ.

"ಮಂಗಳವಾರ ನಿನ್ನ ಮುಂದೆ ಎರಡು ಅಂಕಿ ಇದ್ವು ಕಣಪ್ಪ. ಎರಡೂ ಕೆಟ್ಟವೇ. ಸುಳ್ಳು ಅಂದಿದ್ದು ಒಂದನ್ನೇ, ಸೋಡಾಕ್ಕೆ ಮಾಯವಾಗೋದನ್ನ. ಎರಡನೇ ವರದಿ ಬರೋಕೆ ಎರಡು ದಿನ ಮುಂಚೆ!"

"ಕ್ಲೋರಿನ್ ಹಾಕಿದಾಗ ಕ್ಲೋರೋಫಾರಂ ಎಲೆ ಕಸಕ್ಕೂ ಹುಟ್ಟತ್ತೆ," ಎಂದು ಶ್ಯಾಮಲಮ್ಮ ಮುಂದುವರಿಸಿದರು. "ನೈಟ್ರೈಲ್ ಇಷ್ಟೊಂದು ಬಂದ್ರೆ ಚರಂಡಿ ನೀರು ಸೇರಿದೆಯಾ ಅಂತ ಕೇಳ್ಬೇಕಾಗತ್ತೆ. ಆ ಪ್ರಶ್ನೆ ಇವನಿಗೆ ಬೇಡವಾಗಿತ್ತು."

ಗಂಗುಲಪ್ಪ ತಲೆ ತಗ್ಗಿಸಿದ. "ಬೋರ್ ಬತ್ತೋಯ್ತಮ್ಮಾ. ಸೇರ್ಸು ಅಂತ ಈ ಮ್ಯಾನೇಜರ್ರೇ ಹೇಳಿದ್ರು. ಕೆಳಗಿನ ಕುಂಟೆ ನೀರನ್ನ, ಚರಂಡಿ ಬೀಳೋ ಹೊಂಡದ್ದು."

ಚಿರಂಜೀವಿ ಮುಖ ಒರೆಸಿಕೊಂಡ. "ನೀರಿಲ್ಲ ಅಂದ್ರೆ ಜನ ನನ್ನ ಬಿಡ್ತಿದ್ರಾ? ಡಬಲ್ ಬ್ಲೀಚಿಂಗ್ ಹಾಕಿದ್ದೆ..."

"ಸರಿ, ಹೊಸ ಸ್ಯಾಂಪಲ್ ತೆಗೆಸಣ. ಹದಿನೈದು ದಿನದಲ್ಲಿ ಕಮಿಟಿ ಕೂರತ್ತೆ," ಎಂದರು ಚೆನ್ನರಾಯಪ್ಪ.

"ಅಲ್ಲೀವರೆಗೂ ಮಕ್ಕಳು ಇದನ್ನೇ ಕುಡೀಬೇಕಾ?" ಶ್ಯಾಮಲಮ್ಮ ಮೇಜು ಗುದ್ದಿದರು. "ಈಗ್ಲೇ ವಾಲ್ವ್ ಮುಚ್ಚಿಸ್ರೀ! ಟ್ಯಾಂಕರ್ ಕರೆಸ್ರೀ!"

ಅಧ್ಯಕ್ಷರು ಕಣ್ಸನ್ನೆ ಮಾಡಿದರು. ಗಂಗುಲಪ್ಪ ವಾಲ್ವ್ ಮುಚ್ಚಲು ಎದ್ದು ಓಡಿದ.

ಹೊರಗೆ ಬಂದಾಗ, "ನಿನ್ನ ಕೆಲಸ ಉಳೀತಲ್ಲಮ್ಮ," ಎಂದೆ. ನಾಹಿದ್ ನಗಲಿಲ್ಲ.

"ವಾರದಿಂದ ಎಲ್ಲರೂ ವರದಿ ಮೇಲಿನ ನನ್ನ ಸಹೀನೇ ನೋಡಿದ್ರು ಚಾಚಾ. ಒಬ್ರಾದ್ರೂ ನೀರು ಕುಡೀಬೇಡಿ ಅಂತ ಜನಕ್ಕೆ ಹೇಳಿದ್ರಾ?"