ಕೊಕ್ಕರೆ ಮಡುವಿನ ಸುಳ್ಳು

"ಏ, ಹರಗೋಲು ನಿಲ್ಲಸ್ರಿ!"

ದಡದಿಂದ ಕೂಗು ಬಂದೊಡನೆ ಹುಟ್ಟು ಹಾಕುತ್ತಿದ್ದ ದುರಗವ್ವ ತಿರುಗಿ ನೋಡಿದಳು.

ವರದಾ ಹೊಳೆಯ ಕೊಕ್ಕರೆ ಮಡುವಿನಲ್ಲಿ ಹಕ್ಕಿಗಳು ಮರಿ ಮಾಡುವ ನಾಲ್ಕು ತಿಂಗಳು ಹರಗೋಲು ಹಾಯಿಸಬಾರದೆಂದು ಅರವತ್ತೆರಡರ ಆ ವರ್ಷ ಸರ್ಕಾರದ ಹುಕುಂ ಆಗಿತ್ತು. ಕೂಗಿದವನು ಹೊಸ ಹೊಳೆ ಕಾವಲುಗಾರ ಉಳಿವೆಪ್ಪ. ಅಬ್ಬಾ, ಕಣ್ಣೋ ಅವು! ಸಿಟ್ಟಿನಲ್ಲೂ ತಣ್ಣಗಿದ್ದವು.

ಹರಗೋಲಿನ ಕೌದಿಯಡಿ ಇದ್ದದ್ದು ಸವಣೂರಿನ ವ್ಯಾಪಾರಿ ಗೌಸಸಾಬನ ವೀಳ್ಯದೆಲೆ ಪೆಂಡಿಗಳು. ಸುತ್ತಿ ಹೋದರೆ ಹಾನಗಲ್ಲ ಸಂತೆ ಮುಟ್ಟುವಷ್ಟರಲ್ಲಿ ಬಾಡುತ್ತಿದ್ದವು. ಸಿಕ್ಕಿಬಿದ್ದರೆ ಪರವಾನಗಿ ಹೋದಂತೆಯೇ. ಅಪ್ಪ ತೀರಿದ ಮೇಲೆ ಆಕೆಗಿದ್ದ ಆಸರೆ ಆ ಹರಗೋಲು ಒಂದೇ.

"ಕೌದಿ ಒಳಗ ನಮ್ಮಕ್ಕಗ ಬ್ಯಾನಿ ಹತ್ಯಾವ್ರೀ... ಸೂಲಗಿತ್ತಿ ಆಚೆ ದಂಡಿಮ್ಯಾಲ ಅದಾಳ!" ಎಂದುಬಿಟ್ಟಳು.

ಬೇನೆ ತಿನ್ನುವ ಹೆಂಗಸು ಕೂತ ಹರಗೋಲನ್ನು ಗಂಡಸರು ನೋಡಬಾರದು, ಅದು ಆ ದಂಡೆಯ ರೀತಿ. ಉಳಿವೆಪ್ಪ ಥಟ್ಟನೆ ಬೆನ್ನು ತಿರುಗಿಸಿದ.

"ಲಗೂನ ಹೋಗ್ರಿ, ಜ್ವಾಕಿ!"

ಅಯ್ಯೋ, ಎಷ್ಟು ಸುಲಭವಾಗಿ ನಂಬಿದ! ಹುಟ್ಟಿನ ಸದ್ದಿಗೆ ಕೊಕ್ಕರೆಗಳು ಗೂಡು ಬಿಟ್ಟೆದ್ದವು. ಕಾಗೆಗಳು ತತ್ತಿಗೆ ಎರಗಿದ್ದನ್ನು ಆಕೆ ಕಂಡಳು, ಕಂಡೂ ನಿಲ್ಲಲಿಲ್ಲ. ಅವಸರದಲ್ಲಿ ಒಂದು ಪೆಂಡಿ ನೀರಿಗೆ ಜಾರಿದ್ದು ಮಾತ್ರ ಆಕೆಗೆ ಕಾಣಲಿಲ್ಲ.

ಮರುದಿನ ಆತ ಆಕೆಯ ಬಾಗಿಲಿಗೇ ಬಂದ. ಕೈಯಲ್ಲಿ ಬೆಲ್ಲ, ತುಪ್ಪದ ಗಿಂಡಿ!

"ಬಾಣಂತಿಗೆ ಕೊಡ್ರಿ. ಹೆರಿಗಿ ಸುಸೂತ್ರ ಆತಿಲ್ರಿ?"

ಈಗಲಾದರೂ ಹೇಳು ದುರಗವ್ವಾ... ಹೇಳಿಬಿಡು!

"ಆತ್ರಿ... ಹೆಣ್ಣಕೂಸು."

ಆತನ ಮುಖವೆಲ್ಲ ಅರಳಿತು. ಆ ನಗೆಗೆ ಆಕೆಯ ಮನಸ್ಸು ಸೋತಿತು. ಆದರೆ ಆ ತುಪ್ಪವನ್ನು ಮುಟ್ಟಲಾಗಲಿಲ್ಲ.

ಮೂರು ದಿನಕ್ಕೆ ಗೌಸಸಾಬ ಓಡೋಡಿ ಬಂದ.

"ಬೇಟಿ, ಮಡುವಿನ್ಯಾಗ ನಮ್ಮ ಎಲಿ ಪೆಂಡಿ ತೇಲಾಕತ್ತಿತ್ತಂತ. ಲಂಚ ತಿಂದು ಹರಗೋಲು ಬಿಟ್ಟಿ ಅಂತ ಸಾಹೇಬ್ರು ಉಳಿವೆಪ್ಪನ್ನ ಕೆಲಸದಿಂದ ತಗದಾರ. ಯಾರ ಹರಗೋಲು ಅಂದ್ರ ಅವ ಬಾಯಿನ ಬಿಡವಲ್ಲ!"

"ನನ್ನ ಹೆಸರು... ಹೇಳಿಲ್ಲಾ?"

"ಇಲ್ಲವ್ವಾ."

ಹೇಳಿದ್ದರೇ ಚೆನ್ನಾಗಿತ್ತಲ್ಲ! ಆಕೆ ಉಟ್ಟ ಸೀರೆಯಲ್ಲೇ ಸಾಹೇಬರ ಬಂಗಲೆಗೆ ನಡೆದಳು. ಎಲ್ಲ ಒಪ್ಪಿಕೊಂಡಳು. ಉಳಿವೆಪ್ಪನಿಗೆ ಕೆಲಸ ಮರಳಿತು, ಆಕೆಯ ಪರವಾನಗಿ ಹೋಯಿತು.

ಸಂಜೆ ಮಡುವಿನ ದಂಡೆಯಲ್ಲಿ ಆತನೆದುರು ಹೋಗಿ ನಿಂತಳು.

"ಪೆಂಡಿ ನೋಡಿದಾಗನ ನಿಮಗ ಗೊತ್ತಾಗಿತ್ತಲ್ರಿ? ಯಾಕ ಸುಮ್ನಿದ್ರಿ?"

"ಹೇಳಿದ್ರ ನಿಮ್ಮ ಅನ್ನ ಹೋಗ್ತಿತ್ತು." ಆತ ನೀರನ್ನೇ ನೋಡುತ್ತಿದ್ದ. "ಕೆಲಸ ಹೋಗಿದ್ದು ಅಷ್ಟು ನೋಯಲಿಲ್ರಿ. ಇಲ್ಲದ ಕೂಸಿಗೆ ಹೆಸರು ಹುಡಕಾಕತ್ತಿದ್ನಿ ನಾನು... ಹುಚ್ಚನಂಗ!"

ಆಕೆ ಅಲ್ಲೇ ಕುಸಿದು ಬಿಕ್ಕಿದಳು.

"ಬೈರಿ ನನಗ! ಬೈಯದ ಬಿಟ್ರ ನಾ ಹೆಂಗ ಬದುಕ್ಲಿ?"

ಆತ ಹತ್ತಿರ ಬಂದು ಕೂತ.

"ಬೈತೇನಿ. ಆದ್ರ ಅದು ಒಂದು ದಿನಕ್ಕ ಮುಗಿಯೂದಲ್ಲ. ಜೀಂವ ಇರೂತನಕ ದಿನಾ ಬೈಬೇಕಾಕ್ಕತಿ. ಅದಕ್ಕ ನೀ ನಮ್ಮನಿಗೇ ಬಂದಿರಬೇಕು... ಒಪ್ಪಿಗಿ ಐತೇನು?"

ದುರಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಇವತ್ತಿಂದನ ಚಾಲೂ ಮಾಡ್ರಿ..."