ಸೋತವರು ಬರೆಯಬೇಕಾದ ಪುಟ

"ಇಷ್ಟಾದ ಮೇಲೂ ಇವನು ಸತ್ತಿಲ್ಲ ಅಂದ್ರೆ, ಬರೆದವನಿಗೆ ನಾಚಿಕೆ ಇಲ್ಲ."

ಚೈತ್ರ ಇದನ್ನು ತನಗೆ ತಾನೇ ಹೇಳಿಕೊಂಡಿದ್ದಳು. ಪ್ರಿಂಟರಿನಿಂದ ಬಿಸಿಯಾಗಿ ಹೊರಬಂದ ಹಾಳೆಯ ಚಿತ್ರದಲ್ಲಿ ಒಬ್ಬ ದಢೂತಿ ಮನುಷ್ಯನ ತಲೆಯ ಮೇಲೆ ಇಡೀ ಗಡಿಯಾರದ ಗೋಪುರ ಕುಸಿದು ಬಿದ್ದಿತ್ತು. ಮುಂದಿನ ಹಾಳೆಯಲ್ಲಿ ಅವನು ಅಂಗಿಯ ಧೂಳು ಕೊಡವಿಕೊಂಡು ಎದ್ದು ನಿಂತಿದ್ದ.

ಕೌಂಟರಿನ ಆಚೆ ಕಾಯುತ್ತಿದ್ದವನಿಗೆ ಅವಳ ಮಾತು ಕೇಳಿಸಿತು.

"ಅವನು ದೊಗಾಮ. ಸಾಯಲ್ಲ," ಎಂದ. "ಗೋಪುರ ಪುಡಿಯಾಯ್ತು, ಅವನಿಗೆ ಒಂದು ಗೀರೂ ಬಿದ್ದಿಲ್ಲ. ತಾಳಿಕೆ ಅಂದ್ರೆ ಅದು ಕಣ್ರೀ."

"ನೋವೇ ಆಗದವನು ತಾಳೋದೇನನ್ನ? ಗೋಡೆಗೂ ನೋವಾಗಲ್ಲ. ಗೋಡೇನ ಯಾರಾದ್ರೂ ಹೊಗಳ್ತಾರಾ?"

ಅವನು ಹಾಳೆಗಳಿಂದ ಕಣ್ಣೆತ್ತಿ ಅವಳನ್ನು ನೋಡಿದ. ಅಂಗಡಿಗೆ ಬರುವ ಗಂಡಸರು ಒಂದೋ ಅವಳನ್ನು ನೋಡುತ್ತಲೇ ಇರಲಿಲ್ಲ, ಇಲ್ಲವೇ ಬೇರೆಯೇ ರೀತಿ ನೋಡುತ್ತಿದ್ದರು. ಇವನು ಮಾತ್ರ ಅವಳು ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡವನ ಹಾಗೆ ನೋಡಿದ. ಚೈತ್ರಳ ಎದೆ ಒಮ್ಮೆ ಧಸಕ್ಕೆಂದಿತು. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಿದೆ, ಅದಕ್ಕೇ ಇರಬೇಕು ಎಂದುಕೊಂಡಳು.

ಅದು ಎರಡು ಸಾವಿರದ ಐದನೇ ಇಸವಿ. ನಂಜನಗೂಡಿನ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಮತ್ತು ಇಂಟರ್‌ನೆಟ್ ಅಂಗಡಿ ಚಾಮಯ್ಯನವರದು. ಹದಿನಾರು ಎಂಬ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಅದನ್ನು ನಡೆಸುತ್ತಿದ್ದವಳು, ಬಿ.ಎ. ಮುಗಿಸಿದ ಚೈತ್ರ. ಅವನ ಹೆಸರು ಅಮೃತೇಶ್. ಊರಾಚೆಯ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಪರೀಕ್ಷೆಯ ಕೆಲಸ. ಬಾಟಲಿ ತುಂಬಿದ ಪೆಟ್ಟಿಗೆಗಳನ್ನು ಸೊಂಟದೆತ್ತರದಿಂದ ಬೀಳಿಸುವುದು, ಒಮ್ಮೆ ಮೂಲೆಯ ಮೇಲೆ, ಒಮ್ಮೆ ಅಂಚಿನ ಮೇಲೆ. ಆಮೇಲೆ ಬಿಚ್ಚಿ ಏನಾಗಿದೆ ನೋಡಿ ಬರೆಯುವುದು. ಇಂಟರ್‌ನೆಟ್ಟಿನಲ್ಲಿ ಸಿಗುವ ಒಂದು ಜಪಾನಿ ಕಾಮಿಕ್ಸ್ ಕಥೆಯ ಹುಚ್ಚು ಅವನಿಗೆ. ಪ್ರತಿ ಶನಿವಾರ ಒಂದೊಂದು ಅಧ್ಯಾಯ ಪ್ರಿಂಟ್ ತೆಗೆಸಿಕೊಳ್ಳುತ್ತಿದ್ದ.

ಕಥೆಯಲ್ಲಿ ಇಬ್ಬರು ಕಾದಾಳುಗಳು. ದೊಗಾಮನಿಗೆ ಯಾವ ಏಟೂ ನಾಟುವುದಿಲ್ಲ. ಶಿರಾಬೆಗೆ ಎಲ್ಲವೂ ನಾಟುತ್ತದೆ. ಹನ್ನೆರಡನೇ ಅಧ್ಯಾಯದಲ್ಲಿ ತೋಳು ಹೋಗುತ್ತದೆ, ಹದಿನಾಲ್ಕರಲ್ಲಿ ಮತ್ತೆ ಬೆಳೆಯುತ್ತದೆ. ಇಬ್ಬರಲ್ಲಿ ತಾಳಿಕೆ ಯಾರಿಗೆ ಹೆಚ್ಚು? ಅಮೃತೇಶ್ ದೊಗಾಮನ ಕಡೆ, ಚೈತ್ರ ಶಿರಾಬೆಯ ಕಡೆ.

ಮೊದಮೊದಲು ವಾದ ಬಾಯಲ್ಲೇ ನಡೆಯಿತು. ಜಾತಿ ಸರ್ಟಿಫಿಕೇಟಿನ ಜೆರಾಕ್ಸಿಗೆ ಬಂದವರು ಅರ್ಧ ಗಂಟೆ ಕಾದು ಬೈದು ಹೋದ ದಿನ ಚಾಮಯ್ಯನವರು ಒಂದು ಹಳೇ ನೋಟ್‌ಬುಕ್ ತಂದು ಕೌಂಟರಿನ ಮೇಲೆ ಎಸೆದರು.

"ಬಾಯಲ್ಲಿ ಬ್ಯಾಡ, ಇದ್ರಲ್ಲಿ ಬರ್ಕೊಳಿ. ಸೋತೋರು ಗೆದ್ದೋರ ಪರ ಒಂದು ಪುಟ ಬರ್ದು ಸೈನ್ ಆಕ್ಬೇಕು. ಆಮ್ಯಾಕೆ ಆ ಮಾತ್ನ ನನ್ನಂಗಡೀಲಿ ಅವ್ರಿಬ್ರೂ ಎತ್ತಂಗಿಲ್ಲ."

ಮೂರು ತಿಂಗಳಾದರೂ ಆ ಪುಟವನ್ನು ಯಾರೂ ಬರೆಯಲಿಲ್ಲ.

ಶನಿವಾರ ಮಾತ್ರ ಬರುತ್ತಿದ್ದವನು ಬುಧವಾರವೂ ಬರತೊಡಗಿದ. ಆಮೇಲೆ ದಿನವೂ ಬಂದ. ಅವನ ಮೊಂಡು ವಾದಗಳನ್ನು ಚೈತ್ರ ಬಸ್ಸಿನಲ್ಲಿ ಕೂತು ಮೆಲುಕು ಹಾಕುತ್ತಿದ್ದಳು, ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಉತ್ತರ ಹುಡುಕುತ್ತಿದ್ದಳು. ಅವ್ವ ಶಿವನಂಜಮ್ಮ ಎರಡು ಸಲ ಕರೆದರೂ ಕೇಳಿಸುತ್ತಿರಲಿಲ್ಲ. ಇದಕ್ಕೆ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಆ ಹೆಸರಿಡಲು ಮಾತ್ರ ಇಷ್ಟವಿರಲಿಲ್ಲ.

ಒಂದು ದಿನ ಅವನ ಕಾರ್ಖಾನೆಯಿಂದಲೇ ಅಸ್ತ್ರ ಎತ್ತಿಕೊಂಡಳು. ಮೂಲೆ ನಜ್ಜಾದ ಪೆಟ್ಟಿಗೆಯನ್ನು ನಿಮ್ಮಲ್ಲಿ ಪಾಸ್ ಮಾಡುತ್ತೀರೋ ಇಲ್ಲವೋ ಎಂದು ಕೇಳಿದಳು. ಒಳಗಿನ ಬಾಟಲಿ ಒಡೆಯದಿದ್ದರೆ ಪಾಸ್ ಎಂದ ಅವನು.

"ಹಾಗಾದ್ರೆ ಶಿರಾಬೆ ಪಾಸ್. ನಜ್ಜಾದ, ಒಳಗಿನ ಜೀವ ಉಳೀತು."

ಅಮೃತೇಶ್ ಪೆನ್ನು ತೆಗೆದುಕೊಂಡು ನೋಟ್‌ಬುಕ್ಕಿನಲ್ಲಿ "ನಾಳೆ ಬರ್ತೀನಿ" ಎಂದಷ್ಟೇ ಬರೆದು ಹೋದ. ಮರುದಿನ ಬಂದು, ಗಾಯ ಮಾಯುವುದು ಬೇರೆಯೇ ಶಕ್ತಿ, ಅದನ್ನು ತಾಳಿಕೆಗೆ ಸೇರಿಸಬಾರದು ಎಂದು ಅರ್ಧ ಪುಟ ಗೀಚಿದ. ಸೋಲು ಒಪ್ಪದ ಜಾತಿ ಇವನದು ಎಂದು ಚೈತ್ರ ನಕ್ಕಳು. ಒಳಗೊಳಗೇ ಖುಷಿಯಾಯಿತು.

ಆ ಖುಷಿ ಬಾಳಿದ್ದು ಹತ್ತು ದಿನ.

ಆಮೇಲೆ ಒಂದು ಸೋಮವಾರ ಅವನ ಜೊತೆ ಒಬ್ಬಳು ಬಂದಳು. ರಮ್ಯ, ಅದೇ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್, ತಿ. ನರಸೀಪುರದವಳು. ಇಸ್ತ್ರಿ ಮಾಡಿದ ಚೂಡಿದಾರ, ಕೈಯಲ್ಲಿ ಮೊಬೈಲು. ಪಕ್ಕದ ಹೋಟೆಲಿನಿಂದ ಬಂದ ಒಂದೇ ಟೀಯನ್ನು ಇಬ್ಬರೂ ಅರ್ಧರ್ಧ ಮಾಡಿಕೊಂಡರು. ಕ್ಯಾಂಟೀನಿನಲ್ಲಿ ಅಮೃತೇಶನ ಕೈಯಲ್ಲಿ ಈ ಹಾಳೆಗಳನ್ನು ನೋಡಿ ತಾನೂ ಓದಿದೆ, ತಾನೂ ಶಿರಾಬೆಯ ಕಡೆಯೇ ಎಂದು ನೋಟ್‌ಬುಕ್ ಎಳೆದುಕೊಂಡಳು.

ಅವಳ ಬೆರಳುಗಳು ಆ ಪುಟಗಳನ್ನು ಮಗುಚುವುದನ್ನೇ ಚೈತ್ರ ನೋಡುತ್ತಿದ್ದಳು. ನನ್ನ ಕಡೆಗೆ ಒಬ್ಬರು ಸೇರಿದರೆ ಸಂತೋಷವಾಗಬೇಕಲ್ಲ... ಆಗಲಿಲ್ಲ. ಶಿರಾಬೆಯೂ ನನ್ನವನು, ಜಗಳವೂ ನನ್ನದು. ಇವಳಿಗೇನು ಕೆಲಸ ಇಲ್ಲಿ?

ಮರುದಿನ ತಲಕಾಡಿನ ದೊಡ್ಡಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಲೇಬೇಕಿತ್ತು. ಎರಡು ದಿನ ರಜೆ ಹಾಕಿದಳು. ಗುರುವಾರ ಬಂದು, ಅಂಗಡಿಯ ಕಸ ಗುಡಿಸುವ ಮೊದಲೇ ನೋಟ್‌ಬುಕ್ ತೆರೆದಳು.

ಹೊಸ ಪುಟ. ಅಮೃತೇಶನ ಅಕ್ಷರ.

"ದೊಗಾಮನನ್ನು ಅವನಿಗಿಂತ ಬಲಶಾಲಿ ಯಾರೂ ಇದುವರೆಗೆ ಹೊಡೆದಿಲ್ಲ. ಪರೀಕ್ಷೆಯೇ ಆಗದ್ದನ್ನು ತಾಳಿಕೆ ಎನ್ನಲಾಗದು. ರಮ್ಯ ಹೇಳಿದ್ದು ಸರಿ. ಅವರಿಗೆ ನಾನು ಸೋತೆ."

ಕೆಳಗೆ ಸಹಿ, ತಾರೀಖು.

ಚೈತ್ರ ಅದನ್ನು ಮೂರು ಸಲ ಓದಿದಳು. ಪೆಟ್ಟಿಗೆಯ ವಾದದ ಮುಂದೆ ಇದು ಏನೇನೂ ಅಲ್ಲ. ಅಂಥ ವಾದಕ್ಕೂ ಬಗ್ಗದವನು ಇಷ್ಟಕ್ಕೆ ಬಗ್ಗಿದ. ಮೂರು ತಿಂಗಳು ನನಗೆ ಸೋಲದವನು ಎರಡೇ ದಿನಕ್ಕೆ ಅವಳಿಗೆ ಸೋತ. ಗಂಡಸು ಸುಮ್ಮನೆ ಸೋಲುತ್ತಾನೆಯೇ?

ಅವಳು ಅಳಲಿಲ್ಲ. ಅಳುವುದಕ್ಕಿಂತ ಕೆಟ್ಟದ್ದು ಮಾಡಿದಳು: ದಿನವಿಡೀ ಆ ಅರ್ಧ ಟೀಯನ್ನು ನೆನೆಸಿಕೊಂಡಳು.

ಶನಿವಾರ ಅಮೃತೇಶ್ ಬಂದಾಗ ಹಾಳೆಗಳನ್ನು ಮಡಚಿ ಕೈಗಿಟ್ಟಳು. ಅವನು ತಲಕಾಡಿನ ಬಗ್ಗೆ ಕೇಳಿದ, ಹೊಸ ಅಧ್ಯಾಯದ ಬಗ್ಗೆ ಕೇಳಿದ, ಯಾಕೆ ಸಪ್ಪಗಿದ್ದೀರಿ ಎಂದೂ ಕೇಳಿದ. "ಹಿಂದೆ ಜನ ಕಾಯ್ತಿದಾರೆ," ಎಂದಳು. ಹಿಂದೆ ಒಬ್ಬ ಮುದುಕ ಮಾತ್ರ ಇದ್ದ, ಅವನಿಗೂ ಅವಸರವಿರಲಿಲ್ಲ.

ಅಂದೇ ಸಂಜೆ, ಚಾಮಯ್ಯನವರು ತಿ. ನರಸೀಪುರದಲ್ಲಿ ತೆರೆದಿದ್ದ ಹೊಸ ಅಂಗಡಿಗೆ ತಾನೇ ಹೋಗುವುದಾಗಿ ಅವರಿಗೆ ಹೇಳಿದಳು. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಓದ ವಾರ ಕೇಳ್ದಾಗ ಸತ್ರೂ ಓಗಲ್ಲ ಅಂತಿದ್ದೆ ಕಣವ್ವ."

"ಈಗ ಹೋಗ್ತೀನಿ."

ಅದಕ್ಕಿಂತ ದಡ್ಡ ತೀರ್ಮಾನ ಇನ್ನೊಂದಿರಲಿಲ್ಲ. ಮರೆಯಬೇಕಾದವನಿಂದ ದೂರ ಓಡಿ ಅವಳು ಸೇರಿದ್ದು ರಮ್ಯಳ ಊರನ್ನು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ರಮ್ಯ ಎದುರಿನಲ್ಲೇ ನಂಜನಗೂಡಿನ ಬಸ್ಸು ಹತ್ತುತ್ತಿದ್ದಳು. ಈಗ ಇಳಿದಿರಬೇಕು... ಈಗ ಕ್ಯಾಂಟೀನಿನಲ್ಲಿ ಎದುರುಬದುರು ಕೂತಿರಬೇಕು... ಮೂರು ವಾರ ಚೈತ್ರ ತನ್ನದಲ್ಲದ ದಿನಚರಿಯೊಂದನ್ನು ನಿಮಿಷ ನಿಮಿಷವೂ ಬದುಕಿದಳು. ಅವನು ಒಂದು ಸಲವೂ ಬರಲಿಲ್ಲ.

ಬಂದದ್ದು ರಮ್ಯ. ಒಂದು ಭಾನುವಾರ, ಅಂಕಪಟ್ಟಿಗಳ ಜೆರಾಕ್ಸಿಗೆ. ಮೈಸೂರಿನಲ್ಲಿ ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳಂತೆ.

ಚೈತ್ರ ಮೆಷಿನ್ ಕಡೆ ತಿರುಗಿ, ನೋಟ್‌ಬುಕ್ಕಿನಲ್ಲಿ ನೀವು ಗೆದ್ದಿದ್ದನ್ನು ಓದಿದೆ ಎಂದಳು. ದನಿ ಬೇಕಿದ್ದಷ್ಟು ತಣ್ಣಗೆ ಬರಲಿಲ್ಲ.

ರಮ್ಯ ನಕ್ಕಳು. ಸಂತೋಷದ ನಗು ಅಲ್ಲ.

"ಗೆದ್ದೆನಾ? ಮುಚ್ಚುಮರೆ ಏನು, ಅವನು ನನಗೆ ಇಷ್ಟ ಆಗಿದ್ದ. ಅದಕ್ಕೇ ಆ ಜಪಾನಿನ ಕರ್ಮಾನೆಲ್ಲ ಓದಿದ್ದು. ನಿಮ್ಮಿಬ್ಬರ ಮೂರು ತಿಂಗಳ ಜಗಳ ಓದಿ ಹೊಟ್ಟೆ ಉರೀತಿತ್ತು ನನಗೆ. ಸರಿ, ನಾನೂ ಜಗಳ ಆಡೋಣ ಅಂತ ಬಂದ್ರೆ ಎರಡೇ ದಿನಕ್ಕೆ 'ಸೋತೆ' ಅಂತ ನಾಲ್ಕು ಸಾಲು ಬರ್ದು ಎದ್ದೋದ. ಬರೀಬೇಕಾಗಿದ್ದು ಒಂದು ಪುಟ ತಾನೇ? ಅಷ್ಟನ್ನೂ ಬರೀಲಿಲ್ಲ. ಜಗಳಕ್ಕೂ ನಾನು ಬೇಡವಾಗಿದ್ದೆ ಕಣ್ರೀ."

ಜೆರಾಕ್ಸ್ ಮೆಷಿನ್ನಿನ ಬೆಳಕು ಒಂದು ಸಲ ಓಡಿ ನಿಂತಿತು. ಮುಂದಿನ ಹಾಳೆ ಇಡುವುದನ್ನು ಚೈತ್ರ ಮರೆತಳು.

ಸೋಲು ಎಂದರೆ ಮುಗಿಸುವುದು. ಚಾಮಯ್ಯನವರ ಕಾನೂನೇ ಅದು. ಅವನು ನನ್ನೊಡನೆ ಮುಗಿಸಲಿಲ್ಲ...

"ನನ್ನ ಅಂಕಪಟ್ಟಿ," ಎಂದು ರಮ್ಯ ನೆನಪಿಸಿದಳು.

ಚೈತ್ರ ಮರುದಿನ ಮಧ್ಯಾಹ್ನವೇ ಅಂಗಡಿ ಮುಚ್ಚಿ ನಂಜನಗೂಡಿನ ಬಸ್ಸು ಹತ್ತಿದಳು. ಹೋಗುವ ದಾರಿಯಲ್ಲಿ ಎರಡು ಸಲ ಇಳಿದು ವಾಪಸು ಬರೋಣ ಅನ್ನಿಸಿತು. ರಮ್ಯ ಹೇಳಿದ್ದು ತಪ್ಪಿದ್ದರೆ? ಹೋಗಿ ಕೇಳಿ, ಇಲ್ಲ ಎನ್ನಿಸಿಕೊಂಡರೆ ಇನ್ನು ಆ ಊರಿನಲ್ಲಿ ಬಸ್ಸು ಬದಲಾಯಿಸಲೂ ಮುಖವಿರುವುದಿಲ್ಲ. ಆದರೂ ಇಳಿದದ್ದು ಕಾರ್ಖಾನೆಯ ಗೇಟಿನ ಬಳಿಯೇ.

ಪಾಳಿ ಬಿಟ್ಟಾಗ ಅಮೃತೇಶ್ ಗೆಳೆಯರ ನಡುವೆ ಬಂದ. ಅಂಗಿಯ ಮೇಲೆಲ್ಲ ರಟ್ಟಿನ ಧೂಳು. ಅವಳನ್ನು ಕಂಡು ಅಲ್ಲೇ ನಿಂತ. ಗೆಳೆಯರು ಒಬ್ಬರನ್ನೊಬ್ಬರು ತಿವಿದುಕೊಂಡು ಮುಂದೆ ಹೋದರು.

ಚೈತ್ರ ಪೀಠಿಕೆ ಹಾಕಲಿಲ್ಲ.

"ಪೆಟ್ಟಿಗೆ ಮಾತು ಆಡಿದ ದಿನ ನೀವು ಸೋತಿರಲಿಲ್ವಾ?"

ಅವನು ನೆಲ ನೋಡಿದ. "ಸೋತಿದ್ದೆ."

"ಮತ್ತೆ ಯಾಕೆ ಬರೀಲಿಲ್ಲ?"

"ರಮ್ಯ ಅವರಿಗೆ ಬರ್ಕೊಟ್ಟು ಅವರ ವಾದ ಮುಗಿಸ್ದೆ. ನಿಮಗೂ ಬರೆದ್ರೆ ನಮ್ಮ ಮಾತು ಮುಗೀತಿತ್ತು. ಆಮೇಲೆ ನಿಮ್ಮಂಗಡಿಗೆ ಏನಂತ ಬರ್ಲಿ?"

"ಪ್ರಿಂಟ್ ತಗೊಳ್ಳೋಕೆ."

"ಪ್ರಿಂಟರು ನಮ್ಮ ಆಫೀಸಲ್ಲೇ ಇದೆ ಕಣ್ರೀ. ರಮ್ಯ ಅವರ ಟೇಬಲ್ ಪಕ್ಕ."

ಚೈತ್ರಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ತಡೆದುಕೊಂಡು, ಹಾಗಾದರೆ ಮೂರು ವಾರ ಯಾಕೆ ಮುಖ ತೋರಿಸಲಿಲ್ಲ ಎಂದು ಕೇಳಿದಳು. ಅವಳೇ ಕೇಳಿ ನರಸೀಪುರಕ್ಕೆ ಹೋದಳೆಂದು ಚಾಮಯ್ಯನವರು ಹೇಳಿದ್ದರಂತೆ. ತನ್ನನ್ನು ನೋಡಲೂ ಬೇಡವಾಗಿದೆ ಎಂದು ಅವನು ತಿಳಿದುಕೊಂಡಿದ್ದ. ಎರಡು ಶನಿವಾರ ಬಸ್ ಸ್ಟ್ಯಾಂಡ್‌ವರೆಗೂ ಬಂದು, ನರಸೀಪುರದ ಬಸ್ಸನ್ನು ಹೋಗಗೊಟ್ಟು ಮನೆಗೆ ಹೋಗಿದ್ದ.

"ಅವಳ ಜೊತೆ ಟೀ ಅರ್ಧ ಮಾಡ್ಕೊಂಡ್ರಿ," ಎಂದಳು ಚೈತ್ರ. ಇಷ್ಟೆಲ್ಲ ಕೇಳಿದ ಮೇಲೂ ಅದು ಬಾಯಿಗೆ ಬಂದೇಬಿಟ್ಟಿತು.

ಅವನಿಗೆ ಅದು ನೆನಪೇ ಇರಲಿಲ್ಲ. ಯಾವ ಟೀ, ಯಾವತ್ತು ಎಂದು ತಡಕಾಡಿದ. ಅವನ ಪೆಚ್ಚು ಮುಖ ನೋಡಿದ ಮೇಲೆ ಆ ಅರ್ಧ ಟೀಯ ಸಿಟ್ಟು ಅವಳಲ್ಲಿ ಉಳಿಯಲಿಲ್ಲ.

"ಇನ್ಮೇಲೆ ಯಾರ ಜೊತೇನೂ ಮಾಡ್ಕೋಬೇಡಿ."

"ಇಲ್ಲ," ಎಂದ. ಆಮೇಲೆ ದನಿ ತಗ್ಗಿಸಿ, "ಚೈತ್ರ, ನನಗೆ ನೀವು ಬೇಕು. ಹೇಳೋಕೆ ಬರಲ್ಲ ಅಂತ ದೊಗಾಮನ್ನ ಹಿಡ್ಕೊಂಡು ನೇತಾಡ್ತಿದ್ದೆ," ಎಂದ.

ಲಾರಿಯೊಂದು ಗೇಟಿನೊಳಗೆ ಹೋಯಿತು. ಇಬ್ಬರೂ ರಸ್ತೆಯಂಚಿಗೆ ಸರಿದು ನಿಂತರು. ಮೊದಲ ಬಾರಿಗೆ ಅವರ ನಡುವೆ ಕೌಂಟರ್ ಇರಲಿಲ್ಲ. ಅವಳು ಅವನ ತೋಳಿನ ಮೇಲಿದ್ದ ರಟ್ಟಿನ ಪುಡಿಯನ್ನು ಒರೆಸಿದಳು. ಅವನು ಆ ಕೈಯನ್ನು ಹಿಡಿದುಕೊಂಡ.

"ಭಾನುವಾರ ನಮ್ಮೂರು ಹದಿನಾರಿಗೆ ಬನ್ನಿ," ಎಂದಳು. "ಅಪ್ಪ ಮನೇಲಿರ್ತಾರೆ."

"ಏನಂತ ಹೇಳ್ಲಿ ಅವರಿಗೆ?"

"ನಿಮ್ಮ ಮಗಳನ್ನ ಮದ್ವೆ ಆಗ್ತೀನಿ ಅಂತ. ಸುತ್ತಿ ಬಳಸಿ ಹೇಳಿದ್ರೆ ಅವರಿಗೆ ಅರ್ಥ ಆಗಲ್ಲ."

"ಬೈದ್ರೆ?"

"ಬೈತಾರೆ. ಬೈಸ್ಕೊಳ್ಳಿ," ಎಂದಳು ಚೈತ್ರ. "ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ."