ಎಡಗಡೆಯ ಬಾಗಿಲು

ಅವಳು ಪಾಸಾಗಲಿ ಎಂದೇ ತಾನೇ ಬಂದದ್ದು? ಹಾಗಿದ್ದರೆ ಮನಸ್ಸು ಯಾಕೆ ಬೇರೇನನ್ನೋ ಬೇಡುತ್ತಿದೆ?

ಲೈಸೆನ್ಸ್ ಟೆಸ್ಟ್ ನಡೆಯುವ ಮೈದಾನದ ಬೇಲಿಯಾಚೆ, ಚಹಾದ ಗ್ಲಾಸು ಹಿಡಿದು ನಿಂತಿದ್ದ ಪೃಥ್ವಿಗೆ ಉತ್ತರ ಗೊತ್ತಿತ್ತು. ಲೈಸೆನ್ಸ್ ಬಂದರೆ ಬೆಳಗಿನ ಪಾಠ ಮುಗಿಯುತ್ತದೆ. ಪಾಠ ಮುಗಿದರೆ ಅಮೂಲ್ಯಳನ್ನು ಕಾಣಲು ನೆಪ ಉಳಿಯುವುದಿಲ್ಲ. ಫೇಲಾಗಲಿ, ಒಂದೇ ಒಂದು ಸಲ, ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿ, ಬಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡ.

ಅಮೂಲ್ಯ ಬೆಳೆದದ್ದು ಟೊರಾಂಟೊದಲ್ಲಿ. ಗುಡಗಾಂವ್‌ನಲ್ಲಿ ಕೆಲಸ ಸಿಕ್ಕು ಬಂದವಳು, ಹತ್ತಿರದ ವಸಂತ್ ಕುಂಜ್‌ನಲ್ಲಿ ಸೋದರತ್ತೆ ಶೈಲಜಾ ಅವರ ಮನೆಯಲ್ಲಿದ್ದಳು. ಅವಳದು ಅಮ್ಮನಿಂದ ಕಲಿತ ಮನೆಗನ್ನಡ. ಹಿಂದಿಯಲ್ಲಿ ‘ಭಯ್ಯಾ’, ‘ಅಚ್ಛಾ’ಗಳಾಚೆ ಏನೂ ಬಾರದು. ಟೊರಾಂಟೊದಲ್ಲಿ ವರ್ಷಗಟ್ಟಲೆ ಕಾರು ಓಡಿಸಿದ್ದಳು, ಆದರೆ ರಸ್ತೆಯ ಬಲಗಡೆ, ಸ್ಟಿಯರಿಂಗ್ ಎಡಗಡೆ. ಇಲ್ಲಿ ಎಲ್ಲವೂ ಅದಲುಬದಲು.

ಮೇಲಿನ ಮನೆಯ ಪೃಥ್ವಿಯನ್ನು ಪಾಠಕ್ಕೆ ಹಿಡಿದು ಹಾಕಿದವರು ಶೈಲಜಾ. “ನೀನೇ ಕಲಿಸೋ. ಹೇಗೂ ಬಾಯಿ ಬಿಡಲ್ಲ, ಹುಡುಗಿ ಗಾಬರಿ ಆಗಲ್ಲ” ಎಂದಿದ್ದರು.

ದಿನಾ ಬೆಳಗ್ಗೆ ಅಮೂಲ್ಯ ಅತ್ತೆಯ ಹಳೆಯ ಮಾರುತಿಯ ಎಡಬಾಗಿಲು ತೆಗೆದು, ಗತ್ತಿನಿಂದ ಕೂತು, ಸ್ಟಿಯರಿಂಗ್ ಹುಡುಕುತ್ತಿದ್ದಳು. ಪೃಥ್ವಿ ಹೊರಗೆ ಸುಮ್ಮನೆ ಕಾಯುತ್ತಿದ್ದ.

“ಹೇಳ್ಬಾರ್ದಾ?”

“ನಿಮಗೇ ಗೊತ್ತಾಗುತ್ತೆ ಅಂತ.”

“ನಿಮ್ಮ ಸೈಲೆನ್ಸ್‌ಗೆ ಒಂದು ಡಿಕ್ಷನರಿ ಬೇಕು ಕಣ್ರೀ!”

ಅವಳು ಸುತ್ತಿ ಬಂದು ಬಲಗಡೆ ಕೂರುತ್ತಿದ್ದಳು. ಕನ್ನಡಿ ಸರಿಪಡಿಸುವಾಗ ಅದರೊಳಗೆ ಅವಳ ಕಣ್ಣು ಅವನನ್ನು ಹಿಡಿದುಬಿಡುತ್ತಿತ್ತು. “ಕಣ್ಣು ರಸ್ತೆ ಮೇಲೆ” ಎನ್ನುತ್ತಿದ್ದ ಪೃಥ್ವಿ, ಕಿಟಕಿಯತ್ತ ತಿರುಗಿ. ಕನ್ನಡಿಯಲ್ಲಿ ಅವಳ ಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು.

ಈಗ ಆ ಮಾರುತಿ ಮೈದಾನದ ತಿರುವಿನ ಹತ್ತಿರ ಬಂತು.

“ಮೇಡಂ, ಸೀಧೇ ಹಾಥ್ ಲೇ ಲೋ!” ಇನ್‌ಸ್ಪೆಕ್ಟರ್ ಹೊರಗಿನಿಂದಲೇ ಕೂಗಿದರು.

ಮಾರುತಿ ಒಂದಿಷ್ಟೂ ಅಳುಕದೆ, ಸುಂದರವಾಗಿ, ಸೀದಾ ಹೋಯಿತು. ಎದುರಿದ್ದ ಖಾಲಿ ಡ್ರಮ್ಮು ಉರುಳಿತು.

ಅವಳು ಕೆಂಪಾಗಿ ಬಂದಳು. “ಸೀದಾ ಅಂದ್ರು, ಸೀದಾ ಹೋದೆ! ಏನು ತಪ್ಪು?”

“ಇಲ್ಲಿ ಸೀಧಾ ಹಾಥ್ ಅಂದ್ರೆ ಬಲಗೈ. ಬಲಕ್ಕೆ ತಿರುಗು ಅಂದಿದ್ದು.”

“ಬಲಕ್ಕೆ ಹೋಗೋದು ಹೇಗ್ರೀ ಸೀದಾ ಆಗುತ್ತೆ? ಮತ್ತೆ ಎಡಕ್ಕೆ?”

“ಉಲ್ಟಾ ಹಾಥ್.”

“ಉಲ್ಟಾ! ಪುಣ್ಯಕ್ಕೆ ಅದನ್ನ ಹೇಳಲಿಲ್ಲ. ವಾಪಸ್ ತಿರುಗಿ ಮನೆಗೇ ಹೋಗಿಬಿಡ್ತಿದ್ದೆ.”

ಪೃಥ್ವಿ ನಕ್ಕ. ಗ್ಲಾಸಿನ ಚಹಾ ಚೆಲ್ಲುವಷ್ಟು ನಕ್ಕ. ಅಮೂಲ್ಯ ಜಗಳ ಮರೆತು ನೋಡುತ್ತ ನಿಂತಳು. “ನಿಮಗೆ ಹಲ್ಲಿದೆ ಅಂತ ಇವತ್ತೇ ಗೊತ್ತಾಗಿದ್ದು” ಎಂದಳು.

ಬೇಡಿಕೊಂಡದ್ದು ಸಿಕ್ಕಿತ್ತು: ಇನ್ನೊಂದು ವಾರ. ಆದರೆ ಆ ರಾತ್ರಿ ಅವನಿಗೆ ಅದು ರುಚಿಸಲಿಲ್ಲ. ಫೇಲಾದದ್ದರಿಂದ ಅವಳು ಸಿಕ್ಕರೆ ಅದು ಸಿಕ್ಕಂತೆಯೇ? ನೆಪವಿಲ್ಲದೆ ಸಿಗಬೇಕು. ಸಿಗದಿದ್ದರೆ ಅದನ್ನೂ ತಿಳಿಯಬೇಕು.

ಆ ವಾರ ಅವನು ಬಾಯಿ ಬಿಟ್ಟ. ಪ್ರತಿ ತಿರುವಿನಲ್ಲೂ ಇನ್‌ಸ್ಪೆಕ್ಟರ್ ದನಿಯಲ್ಲೇ “ಸೀಧೇ ಹಾಥ್!”, “ಉಲ್ಟೇ ಹಾಥ್!” ಎಂದು ಕೂಗಿದ. ಅವಳು ನಗುತ್ತಲೇ ತಿರುಗಿಸಿದಳು, ಒಮ್ಮೆಯೂ ತಪ್ಪಲಿಲ್ಲ.

ಎರಡನೆಯ ಟೆಸ್ಟ್‌ನಲ್ಲಿ ಮಾರುತಿ ನೀರಿನಂತೆ ಬಲಕ್ಕೆ ಹರಿಯಿತು. ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಬೇಲಿಯಾಚೆಯಿಂದ ಪೃಥ್ವಿ ನೋಡಿದ. ಮುಗಿಯಿತು ಎಂದುಕೊಂಡ. ಬೇಸರವಾಗುತ್ತದೆಂದು ಕಾದ, ಹೆಮ್ಮೆಯಾಯಿತು.

ಚಹಾದ ದುಡ್ಡು ಕೊಟ್ಟು ಕಾರಿನ ಹತ್ತಿರ ಬಂದ. ಅಭ್ಯಾಸದಂತೆ ಎಡಬಾಗಿಲು ತೆಗೆದ. ಅಲ್ಲಿ ಅಮೂಲ್ಯ ಕೂತಿದ್ದಳು.

“ಪಾಸಾದ ಮೇಲೂನಾ? ಇದು ತಪ್ಪು ಬಾಗಿಲು.”

“ಗೊತ್ತು.”

“ಸ್ಟಿಯರಿಂಗ್ ಆ ಕಡೆ ಇದೆ.”

“ಅದೂ ಗೊತ್ತು. ಇಷ್ಟು ದಿನ ಕಣ್ಣು ರಸ್ತೆ ಮೇಲೆ, ಕಣ್ಣು ರಸ್ತೆ ಮೇಲೆ ಅಂತ ಪ್ರಾಣ ತಿಂದ್ರಿ. ಇವತ್ತು ನೀವು ರಸ್ತೆ ನೋಡಿ.” ಅವಳು ಬೀಗದ ಕೈ ಚಾಚಿದಳು. “ನಾನು ಬೇರೆ ಏನೋ ನೋಡಬೇಕು.”

ಅವನು ಕೀಲಿ ತೆಗೆದುಕೊಂಡ. ಕಾರನ್ನು ಸುತ್ತಿ ಬರುವಷ್ಟರಲ್ಲಿ ಹೇಳಬೇಕಾದ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು. ಕೂತು ಬಾಗಿಲು ಹಾಕಿದಾಗ ಉಳಿದದ್ದು ಒಂದೇ.

“ಬೆಲ್ಟ್ ಹಾಕ್ಕೋ, ಅಮೂಲ್ಯ.”

ಅವಳ ಕೈ ಬೆಲ್ಟಿನ ಮೇಲೆಯೇ ನಿಂತಿತು. “ಹಾಕ್ಕೋ? ‘ಹಾಕ್ಕೊಳ್ಳಿ’ ಅಲ್ವಾ?”

“ಅಲ್ಲ.”

ಅವಳು ಬೆಲ್ಟ್ ಹಾಕಿಕೊಂಡಳು. ಆಮೇಲೆ ಗೇರಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು. “ಈ ಸೈಲೆನ್ಸ್‌ಗೆ ಡಿಕ್ಷನರಿ ಬೇಡ” ಎಂದಳು.

“ಎಲ್ಲಿಗೆ ಹೋಗೋಣ?”

“ಸೀದಾ.”

“ಯಾರ ಸೀದಾ?”

“ನಮ್ಮದು.”

ಕಾರು ಹೊರಟಿತು. ಆಮೇಲೆ ಅವನು ಅವಳಿಗೆ ಎಷ್ಟೋ ಹೇಳಿದ, ಅವಳೇ ಸಾಕು ಎನ್ನುವಷ್ಟು. ಆದರೆ ಮೊದಲ ಟೆಸ್ಟ್‌ನ ದಿನ ಅವಳು ಫೇಲಾಗಲಿ ಎಂದು ಬಯಸಿದ್ದನ್ನು ಅವನು ಎಂದೂ ಹೇಳಲಿಲ್ಲ.